ಎಪ್ಪತ್ತು ಪೌಂಡಿನ ಚೀಟಿ

ಸೆಪ್ಟೆಂಬರ್ 22, 1986. ಸೋಮವಾರ

ಪ್ರತಿ ಜನವರಿಯಲ್ಲೂ ನನ್ನ ಯಜಮಾನರು ತಮ್ಮ ಆಫೀಸಿನಿಂದ ಒಂದು ಡೈರಿ ತಂದು ನನ್ನ ಕೈಗಿಡುತ್ತಾರೆ. ಪ್ರತಿ ವರ್ಷವೂ ಅತ್ತೆ ಅದರ ಹಾಳೆ ಹರಿದು ಹೂಬತ್ತಿ ಸುತ್ತಿಡುತ್ತಾರೆ. ಈ ವರ್ಷದ್ದರಲ್ಲಿ ಆಗಸ್ಟಿನವರೆಗೆ ಹರಿದಾಗಿದೆ. ಉಳಿದದ್ದು ನನ್ನದು ಎಂದು ಹೇಳಿ ಬೀರುವಿನೊಳಗೆ ಇಟ್ಟುಕೊಂಡಿದ್ದೇನೆ.

ಕಾರಣವಿದೆ. ಡಿಸೆಂಬರಿನಲ್ಲಿ ರಾಜ್ಯ ತಂಡದ ಆಯ್ಕೆ. ನಾನು ಒಂಬತ್ತು ವರ್ಷ ಟೆನಿಸ್ ಆಡಿದ ತಂಡಕ್ಕೆ ಹೋದ ವರ್ಷ ನನ್ನನ್ನು ಮೀಸಲು ಆಟಗಾರ್ತಿ ಎಂದು ಕರೆದೊಯ್ದರು. ಐದು ದಿನ ಕುರ್ಚಿಯಲ್ಲಿ ಕೂತು ಹುಡುಗಿಯರಿಗೆ ನಿಂಬೆ ಪಾನಕ ಕಲಸಿಕೊಟ್ಟು ಬಂದೆ. ನನಗೀಗ ಮೂವತ್ತೆರಡು. ಈ ಸಲ ಇರುವ ಎರಡು ಜಾಗದಲ್ಲಿ ಒಂದು ಸಿಗದಿದ್ದರೆ ಮುಂದಿನ ವರ್ಷ ಯಾರೂ ಕರೆಯುವುದಿಲ್ಲ. ಇದನ್ನು ನನ್ನೆದುರು ಯಾರೂ ಹೇಳಿಲ್ಲ. ಎಲ್ಲರಿಗೂ ಗೊತ್ತಿದೆ.

ಇವತ್ತು ಕ್ಲಬ್ಬಿನ ಕಾರ್ಯದರ್ಶಿ ಕರೆದು ಒಂದು ರಾಕೆಟ್ ಕೊಟ್ಟರು. ನಮ್ಮ ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಬಂದಿದ್ದ ಜರ್ಮನ್ ಎಂಜಿನಿಯರ್ ಹೋಗುವಾಗ ಬಿಟ್ಟುಹೋದದ್ದಂತೆ. ಕಪ್ಪು ಗ್ರಾಫೈಟು. ತಲೆ ನನ್ನ ಮರದ ರಾಕೆಟ್ಟಿನ ಒಂದೂವರೆಯಷ್ಟಿದೆ, ತೂಕ ಮಾತ್ರ ಕಡಿಮೆ. "ನಮ್ಮಲ್ಲಿ ಇದನ್ನ ಹಿಡಿಯೋ ಯೋಗ್ಯತೆ ಇರೋದು ನಿಮಗೇ" ಎಂದರು. ನನಗೂ ಹಾಗೇ ಅನ್ನಿಸಿತು.

ಮನೆಗೆ ತಂದಾಗ ಅತ್ತೆ ತಿರುಗಿಸಿ ನೋಡಿ, "ಇದೇನೇ ಜಲಜಾ, ಜರಡಿ ತಂದಿದೀಯ" ಎಂದರು.

ಸೆಪ್ಟೆಂಬರ್ 24. ಬುಧವಾರ

ಬೆಳಿಗ್ಗೆ ಆರಕ್ಕೆ ರಾಜಾಜಿನಗರದ ಕೋರ್ಟಿಗೆ ಹೋದೆ. ಮಾರ್ಕರ್ ಬೈರಯ್ಯ ನೀರು ಹೊಡೆದು, ಗೆರೆ ಎಳೆದು ಕಾಯುತ್ತಿದ್ದರು. ಇಪ್ಪತ್ತು ವರ್ಷದಿಂದ ಸದಸ್ಯರಿಗೆ ಚೆಂಡು ಹೊಡೆದುಕೊಡುವುದೇ ಅವರ ಕೆಲಸ. ಅವರ ಮುಖ ನೋಡಿದರೆ ಇವತ್ತು ನಮ್ಮ ಆಟ ಹೇಗಿದೆ ಎಂದು ಗೊತ್ತಾಗುತ್ತದೆ.

ಮೊದಲ ಚೆಂಡನ್ನು ಎಂದಿನಂತೆ ಪೂರ್ತಿ ತೋಳು ಬೀಸಿ ಚಪ್ಪಟೆಯಾಗಿ ಹೊಡೆದೆ. ಹಿಂದಿನ ತಂತಿಬೇಲಿ ದಾಟಿ ರಸ್ತೆಗೆ ಹೋಯಿತು. ಎರಡನೆಯದು ಬೇಲಿಗೇ ಬಡಿಯಿತು. ಹತ್ತರಲ್ಲಿ ಏಳು ಹೊರಗೆ. ಹತ್ತು ವರ್ಷದಿಂದ ನನ್ನ ತೋಳು ಕಲಿತ ಬಲ ಇದಕ್ಕೆ ಬೇಡವೇ ಬೇಡ. ಮುಟ್ಟಿದರೆ ಸಾಕು, ಓಡುತ್ತದೆ.

ಆಮೇಲೆ ನಮ್ಮ ಮ್ಯಾನೇಜರರ ಹೆಂಡತಿ ಇಂದ್ರಮ್ಮ ಬಂದರು. ಆಟ ಕಲಿಯಲು ಶುರುಮಾಡಿ ಮೂರು ತಿಂಗಳಾಗಿದೆ. ಚೆಂಡು ನೆಟ್ ದಾಟಿದರೆ ಅವತ್ತು ಮನೆಯಲ್ಲಿ ಸಿಹಿ ಮಾಡುತ್ತಾರೆ. "ಒಂದ್ಸಲ ಕೊಡಿ" ಎಂದು ತೆಗೆದುಕೊಂಡು, ದೋಸೆ ಮಗುಚಿದ ಹಾಗೆ ಸುಮ್ಮನೆ ತಳ್ಳಿದರು. ಚೆಂಡು ಹೋಗಿ ಆಚೆ ಗೆರೆಯ ಒಂದಡಿ ಒಳಗೆ ಬಿತ್ತು. ಮತ್ತೆ ತಳ್ಳಿದರು, ಮತ್ತೆ ಒಳಗೆ.

"ಎಷ್ಟು ಸಲೀಸು ಅಲ್ವಾ ಜಲಜಾ ಅವರೇ?"

ಬೈರಯ್ಯ ಆ ಕಡೆ ತಿರುಗಿ ಚೆಂಡು ಆರಿಸತೊಡಗಿದರು. ನಗು ಮುಚ್ಚಿಕೊಳ್ಳಲು ಎಂದು ನನಗೆ ಗೊತ್ತು.

ಆಟ ಬಾರದವರಿಗೆ ಒಲಿದು, ಬಂದವರಿಗೆ ಒದೆಯುವ ರಾಕೆಟ್ ಇದು. ಆದರೆ ಈ ಬಲ ನನ್ನ ಹಿಡಿತಕ್ಕೆ ಬಂದರೆ ಡಿಸೆಂಬರಿನಲ್ಲಿ ಎದುರು ನಿಲ್ಲುವವರು ಯಾರು? ತಂತಿ ಬಿಗಿಯಾಗಬೇಕು, ಅಷ್ಟೇ. ಬಿಗಿ ಹೆಚ್ಚಿದಷ್ಟೂ ಚೆಂಡು ಚಿಮ್ಮುವುದು ಕಡಿಮೆ.

ಸೆಪ್ಟೆಂಬರ್ 27. ಶನಿವಾರ

ಕಾಮಾಕ್ಷಿಪಾಳ್ಯಕ್ಕೆ ಹೋಗಿ ಅಂಜಿನಯ್ಯನವರಿಗೆ ರಾಕೆಟ್ ಕೊಟ್ಟು ಬಂದೆ. ಮಾಗಡಿ ರಸ್ತೆಯಿಂದ ಒಳಗೆ, ಎರಡು ಲೇತ್ ಅಂಗಡಿಗಳ ನಡುವೆ ಅವರದೊಂದು ಗೂಡು. ಹತ್ತು ವರ್ಷದಿಂದ ನನ್ನ ರಾಕೆಟ್ಟುಗಳಿಗೆ ತಂತಿ ಕಟ್ಟುತ್ತಿರುವವರು ಅವರೇ. ಪೌಂಡು ತೋರಿಸುವ ಮುಳ್ಳಿರುವ ಹಳೇ ಕೈಯಂತ್ರ ಒಂದಿದೆ. ಅವರು ಮುಳ್ಳನ್ನು ನೋಡುವುದೇ ಇಲ್ಲ. ಉಗುರಿನಿಂದ ತಂತಿ ಮೀಟಿ, ತಲೆ ಓರೆ ಮಾಡಿ ಕೇಳುತ್ತಾರೆ. ಭಜನೆ ಮನೆಯಲ್ಲಿ ತಂಬೂರಿ ಹಿಡಿಯುವ ಮನುಷ್ಯ.

ಮರದ ರಾಕೆಟ್ಟಿಗೆ ನನ್ನದು ಐವತ್ತಾರು ಪೌಂಡು. ಇದಕ್ಕೆ ಅರವತ್ತು ಹಾಕಿ ಎಂದೆ.

"ಮೊದ್ಲು ಇದರ ಜೊತೆ ಒಂದ್ ತಿಂಗ್ಳು ಆಡಿ ಅಮ್ಮಾ. ಅದೇನ್ ಹೇಳುತ್ತೆ ಕೇಳ್ಕೊಳಿ" ಎಂದರು.

ನಾನು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದವಳು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡಿಭಾಗ ವಾಪಸು ಕಳಿಸುವುದು ನನ್ನ ಕೆಲಸ. ಕಿವಿಯ ಮೇಲೆ ಡಿಸೆಂಬರ್ ಬಿಟ್ಟುಕೊಡಲಾರೆ. "ಮುಳ್ಳು ನೋಡಿ ಹಾಕಿ. ಎಷ್ಟು ಹಾಕಿದ್ರಿ ಅಂತ ಚೀಟಿ ಬರೆದು ಹಿಡಿಗೆ ಅಂಟಿಸಿ" ಎಂದು ಹೇಳಿ ಬಂದೆ.

ಅಕ್ಟೋಬರ್ 8. ಬುಧವಾರ

ಅರವತ್ತು ಸಾಲದು. ಹತ್ತರಲ್ಲಿ ನಾಲ್ಕು ಹೊರಗೆ. ಅರವತ್ನಾಲ್ಕಕ್ಕೆ ಕೊಟ್ಟೆ.

ಅಂಜಿನಯ್ಯ ಮತ್ತೆ ತಮ್ಮ ಪುರಾಣ ತೆಗೆದರು. "ಬಿಗಿ ಮಾಡಿದ್ರೆ ಚೆಂಡಿನ ಪೆಟ್ಟು ಎಲ್ಲಿಗಾದ್ರೂ ಹೋಗ್ಬೇಕಲ್ಲಮ್ಮ. ತಂತಿ ತಗೊಳ್ದಿದ್ರೆ ಕೈ ತಗೊಳ್ಬೇಕು."

ಮುಳ್ಳು ನೋಡಿ ಎಂದೆ.

ಅಕ್ಟೋಬರ್ 13. ಸೋಮವಾರ

ಹಬ್ಬದ ಗಲಾಟೆ ಮುಗಿಯಿತು. ಆಯುಧಪೂಜೆಗೆ ಇವರ ಸ್ಕೂಟರು, ಈಳಿಗೆಮಣೆ, ನನ್ನ ರಾಕೆಟ್ ಮೂರನ್ನೂ ಸಾಲಾಗಿಟ್ಟು ಅತ್ತೆ ಪೂಜೆ ಮಾಡಿದರು. ತಂತಿಗೆಲ್ಲ ಕುಂಕುಮ. ಒರೆಸಲು ಹೋದರೆ "ಇರಲಿ ಬಿಡೇ, ನಿನಗೇ ಒಳ್ಳೇದು" ಎಂದರು. ಸರ್ವ್ ಮಾಡಿದಾಗ ಚೆಂಡಿನ ಮೇಲೆಲ್ಲ ಕೆಂಪು.

ಅರವತ್ನಾಲ್ಕು ಪರವಾಗಿಲ್ಲ. ಚೆಂಡು ಸ್ವಲ್ಪ ಮಾತು ಕೇಳುತ್ತಿದೆ. ನಾನೂ ಬಲವಾಗಿಯೇ ಹೊಡೆಯುತ್ತಿದ್ದೇನೆ, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ.

ಕುಕ್ಕರಿನ ಮುಚ್ಚಳ ಕೆಟ್ಟಿದೆ. ತಿರುಗಿಸಲು ಆಗುವುದೇ ಇಲ್ಲ. ರಬ್ಬರು ಬದಲಾಯಿಸಬೇಕು.

ಅಕ್ಟೋಬರ್ 25. ಶನಿವಾರ

ಸುಗುಣಾ ಎಂಬ ಹುಡುಗಿಯ ಜೊತೆ ಅಭ್ಯಾಸದ ಪಂದ್ಯ ಆಡಿದೆ. ಹತ್ತೊಂಬತ್ತು ವರ್ಷ, ವಿಜಯನಗರದವಳು. ಡಿಸೆಂಬರಿನಲ್ಲಿ ನನ್ನ ಜಾಗಕ್ಕೆ ಕಣ್ಣಿಟ್ಟಿರುವುದು ಅವಳೇ. 2-6, 4-6. ಬೇಕಾದಾಗೆಲ್ಲ ನನ್ನ ಚೆಂಡು ಒಂದಡಿ ಹೊರಗೆ. ಅವಳು ಗೆದ್ದು ಬಂದು ನನ್ನ ಕಾಲು ಮುಟ್ಟಿದಳು. "ನಿಮ್ಮ ಆಟ ನೋಡಿಯೇ ನಾನು ಶುರು ಮಾಡಿದ್ದು ಅಕ್ಕಾ" ಎಂದಳು. ಸಿಟ್ಟಿನಲ್ಲಿ ಮೈಯೆಲ್ಲ ಉರಿಯಿತು. ಬೈದಿದ್ದರೆ ಚೆನ್ನಾಗಿತ್ತು.

ಈ ಪೆನ್ನು ಸರಿಯಿಲ್ಲ. ಒತ್ತಿ ಒತ್ತಿ ಬರೆಯಬೇಕು.

ನವೆಂಬರ್ 4. ಮಂಗಳವಾರ

ದೀಪಾವಳಿಗೆ ಅತ್ತೆ ಕಲಸಿದ ಚಕ್ಕುಲಿ ಹಿಟ್ಟು ಕಲ್ಲಾಗಿತ್ತು. ಒರಳು ತಿರುಗಿಸಲು ಎಷ್ಟು ಒದ್ದಾಡಿದರೂ ಆಗಲಿಲ್ಲ. ಕೊನೆಗೆ ಇವರು ಬಂದು ತಿರುಗಿಸಿದರು. ಇವರಿಗೆ ಏನೋ ಇದ್ದಕ್ಕಿದ್ದಂತೆ ಅಡುಗೆಮನೆಯ ಮೇಲೆ ಪ್ರೀತಿ ಬಂದಿದೆ. ನಾನು ಏಳುವ ಮೊದಲೇ ಕುಕ್ಕರಿನ ಮುಚ್ಚಳ ತೆಗೆದಿಟ್ಟಿರುತ್ತಾರೆ. ಬಾವಿಯಿಂದ ನೀರು ಸೇದುವ ಕಾಲದಲ್ಲಿ ಎಲ್ಲಿದ್ದಿರಿ ಎಂದು ಕೇಳಿದೆ. ನಕ್ಕರು. "ಒಂದು ವಾರ ಆಟ ಬಿಟ್ಟಿರು ಜಲಜಾ" ಎಂದರು. ಡಿಸೆಂಬರ್ ಹತ್ತಿರ ಬರುತ್ತಿರುವಾಗ ಆಡುವ ಮಾತೇ ಇದು?

ಸಂಜೆ ಅಂಜಿನಯ್ಯನವರಲ್ಲಿಗೆ ಹೋದೆ. "ಎಪ್ಪತ್ತು ಹಾಕಿ" ಎಂದೆ. ಎಪ್ಪತ್ತು ಈ ರಾಕೆಟ್ ತಾಳುವ ಕೊನೆ, ಅದರ ಮೇಲೆಯೇ ಅಚ್ಚಾಗಿದೆ. ರಾಕೆಟ್ ಚಾಚಿದಾಗ ಅವರು ತೆಗೆದುಕೊಳ್ಳದೆ ಒಂದು ಗಳಿಗೆ ನನ್ನ ಕೈಯನ್ನೇ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಆಗ ಗೊತ್ತಾಯಿತು, ನಾನು ಎಡಗೈಯಲ್ಲಿ ಕೊಡುತ್ತಿದ್ದೆ. ಬಲಗಡೆ ಚೀಲ ನೇತುಹಾಕಿಕೊಂಡಿದ್ದೆನಲ್ಲ, ಅದಕ್ಕೆ. ಹಿರಿಯರಿಗೆ ಎಡಗೈಯಲ್ಲಿ ಕೊಟ್ಟದ್ದು ತಪ್ಪು. ಕ್ಷಮಿಸಿ ಅನ್ನಬೇಕಿತ್ತು. ಬಸ್ಸಿನ ಅವಸರದಲ್ಲಿ ಬಂದುಬಿಟ್ಟೆ. ಬೇಜಾರು ಮಾಡಿಕೊಂಡಿರಬೇಕು, ಈ ಸಲ ಎದುರು ಮಾತೇ ಆಡಲಿಲ್ಲ.

ನವೆಂಬರ್ 8. ಶನಿವಾರ

ರಾಕೆಟ್ ಬಂತು. ಹಿಡಿಗೆ ಚೀಟಿ: 70. ಅಂಜಿನಯ್ಯನವರ ದುಂಡನೆಯ ಅಕ್ಷರ.

ಮೀಟಿದರೆ ಸದ್ದು ಬೇರೆ. ಕೇಳಿದ್ದಕ್ಕೆ, "ನೈಲಾನ್ ತೆಗೆದು ಕುರಿ ಕರುಳಿನ ದಾರ ಹಾಕಿದೀನಿ ಅಮ್ಮಾ. ಅದರ ಸದ್ದೇ ಹಂಗೆ" ಎಂದರು. ನನ್ನ ಮುಖ ನೋಡದೆ ಹೇಳಿದರು. ಇನ್ನೂ ಬೇಜಾರಿನಲ್ಲಿದ್ದಾರೆ.

ನವೆಂಬರ್ 16. ಭಾನುವಾರ

ಸಾರ್ಕ್ ಸಮ್ಮೇಳನಕ್ಕೆ ಊರಿಗೆಲ್ಲ ಸುಣ್ಣಬಣ್ಣ. ದೊಡ್ಡವರು ಮಾಗಡಿ ರಸ್ತೆಯಲ್ಲಿ ಓಡಾಡುವುದಿಲ್ಲವೆಂದು ಕಾಣುತ್ತದೆ, ನಮ್ಮ ಗುಂಡಿಗಳು ಹಾಗೇ ಇವೆ.

ಎಪ್ಪತ್ತು ಎಂದರೆ ಎಪ್ಪತ್ತು. ಹತ್ತರಲ್ಲಿ ಒಂಬತ್ತು ಒಳಗೆ. ಚೆಂಡು ನೆಟ್ಟಿನ ಮೇಲೆ ಎತ್ತರವಾಗಿ ಹೋಗಿ, ಗೆರೆಯ ಹತ್ತಿರ ಬಂದಾಗ ಯಾರೋ ಕರೆದ ಹಾಗೆ ಕೆಳಗಿಳಿಯುತ್ತದೆ. ಬಿದ್ದ ಮೇಲೆ ಹೆಗಲೆತ್ತರಕ್ಕೆ ಪುಟಿಯುತ್ತದೆ. ಇಂಥ ಚೆಂಡು ನಾನು ಜನ್ಮದಲ್ಲಿ ಹೊಡೆದಿಲ್ಲ.

ಬೈರಯ್ಯ ನೆಟ್ಟಿನ ಹತ್ತಿರ ಬಂದು ನಿಂತರು. "ಮೇಡಂ, ನೀವೀಗ ಮೊದಲಿನ ಥರ ಹೊಡೀತಿಲ್ಲ. ಕೆಳಗಿಂದ ಮೇಲಕ್ಕೆ ಸವರ್ತಾ ಇದೀರ. ತೋಳು ನಿಧಾನಕ್ಕೆ ಹೋಗ್ತಾ ಇದೆ, ಮೈ ತಿರುಗ್ತಾ ಇದೆ."

"ಅದೆಲ್ಲ ಏನಿಲ್ಲ ಬೈರಯ್ಯ. ತಂತಿ ಎಪ್ಪತ್ತು."

"ಇರಬಹುದು ಮೇಡಂ" ಎಂದರು. ಒಪ್ಪದಿದ್ದಾಗ ಅವರು ಹಾಗೇ ಅನ್ನುವುದು.

ನವೆಂಬರ್ 25. ಮಂಗಳವಾರ

ಸುಗುಣಾಳನ್ನು ಸೋಲಿಸಿದೆ. 6-4, 6-4. ಕಾಲು ಮುಟ್ಟಲು ಬಂದಳು, ಬೇಡ ಎಂದು ಎಬ್ಬಿಸಿದೆ. ಬ್ಯಾಕ್‌ಹ್ಯಾಂಡ್ ಹೊಡೆಯುವಾಗ ಅವಳ ಕಾಲು ತಡವಾಗುತ್ತದೆ. ಹೇಳಿಕೊಟ್ಟೆ. ಏಕೆ ಹೇಳಿದೆನೋ ತಿಳಿಯದು.

ಕೆಲಸದಲ್ಲಿ ಮೈಕ್ರೋಮೀಟರು ಕೈಜಾರಿ ಬಿತ್ತು. ಯಾರೋ ಎಣ್ಣೆ ಕೈಯಲ್ಲಿ ಮುಟ್ಟಿರಬೇಕು.

ಡಿಸೆಂಬರ್ 5. ಶುಕ್ರವಾರ

ಹೊಸ ಪೆನ್ನೂ ಹಾಗೇ ಇದೆ. ಇವತ್ತು ಇಷ್ಟೇ.

ಡಿಸೆಂಬರ್ 12. ಶುಕ್ರವಾರ

ಆಯ್ಕೆ ಶುರುವಾಯಿತು, ಕಬ್ಬನ್ ಪಾರ್ಕಿನ ಕೋರ್ಟಿನಲ್ಲಿ. ಕೊನೆಯ ಸುತ್ತಿಗೆ ನಾಲ್ವರು, ತಲಾ ಮೂರು ಪಂದ್ಯ. ಹೆಚ್ಚು ಗೆದ್ದ ಇಬ್ಬರಿಗೆ ಜಾಗ. ಇವತ್ತು ಗೆದ್ದೆ. 6-3, 6-2. ಕುರ್ಚಿಯಲ್ಲಿ ಕೂತಿದ್ದ ಆಯ್ಕೆದಾರರು ಒಬ್ಬರಿಗೊಬ್ಬರು ಏನೋ ಹೇಳಿಕೊಂಡರು. ಹೋದ ವರ್ಷ ಅವರು ನನ್ನ ಪಂದ್ಯದ ಹೊತ್ತಿಗೆ ಕಾಫಿಗೆ ಎದ್ದು ಹೋಗಿದ್ದರು.

ಕೊನೆಯ ಗೇಮಿನಲ್ಲಿ ತಂತಿ ಕಿತ್ತುಹೋಯಿತು. ನೇರ ಕಾಮಾಕ್ಷಿಪಾಳ್ಯಕ್ಕೆ ಹೋದೆ. ಅಂಗಡಿಗೆ ಬೀಗ. ಪಕ್ಕದ ಲೇತಿನವರು "ಉಲ್ಲಾಳದಲ್ಲಿ ಅವರ ಅಣ್ಣ ಹೋಗ್ಬಿಟ್ರು, ತಿಥಿ ಮುಗಿಸ್ಕೊಂಡು ನಾಳೆ ಬರ್ತಾರೆ" ಎಂದರು. ಇವರ ಸ್ಕೂಟರಿನ ಹಿಂದೆ ಕೂತು ಕಂಟೋನ್ಮೆಂಟಿಗೆ ಓಡಿದೆ. ಅಲ್ಲೊಂದು ದೊಡ್ಡ ಅಂಗಡಿಯಲ್ಲಿ ವಿದೇಶಿ ಯಂತ್ರವಿದೆ. ಎಪ್ಪತ್ತು ಎಂದೆ. ನನ್ನ ಕಣ್ಣೆದುರಿಗೇ ಎಪ್ಪತ್ತಕ್ಕೆ ಕೂರಿಸಿ ಎಳೆದರು. ಒಂದು ಎಳೆಯೂ ಹೆಚ್ಚುಕಡಿಮೆಯಿಲ್ಲ. ನೋಡಿ ಸಮಾಧಾನವಾಯಿತು.

ಡಿಸೆಂಬರ್ 13. ಶನಿವಾರ

ಸೋತೆ. 3-6, 1-6. ಹೋದ ವರ್ಷ ನನ್ನ ಸರ್ವ್ ಮುಟ್ಟಲಾರದಿದ್ದ ಹುಡುಗಿಯ ಕೈಯಲ್ಲಿ.

ಇವತ್ತು ಎಷ್ಟು ಹೊತ್ತಾದರೂ ಸರಿ, ಪೂರ್ತಿ ಬರೆಯಬೇಕು.

ಮೊದಲ ಚೆಂಡಿಗೆ ರಾಕೆಟ್ ತಾಗಿದಾಗ ಗೋಡೆಗೆ ಗುದ್ದಿದ ಹಾಗಾಯಿತು. ಮೊಳಕೈಯಿಂದ ಭುಜದವರೆಗೆ ನೋವು ಹರಿಯಿತು. ಎರಡನೆಯ ಚೆಂಡಿಗೂ ಹಾಗೇ. ಸವರಿ ಎತ್ತಿದರೆ ಚೆಂಡು ನೆಟ್ ದಾಟಿ ಅಲ್ಲೇ ಕುಸಿಯುತ್ತಿತ್ತು, ಅವಳು ಓಡಿ ಬಂದು ಹೊಡೆದು ಹೋಗುತ್ತಿದ್ದಳು. ಬಲ ಹಾಕೋಣವೆಂದರೆ ತೋಳು ಏಳಲೊಲ್ಲದು. ಎರಡನೆಯ ಸೆಟ್ಟಿನಲ್ಲಿ ಜಾಗ ಬದಲಿಸುವಾಗ ಕುರ್ಚಿಯ ಮೇಲೆ ಕೂತು ಚೀಟಿ ನೋಡಿದೆ. ಎಪ್ಪತ್ತು. ನಿನ್ನೆಯವರೆಗೂ ಎಪ್ಪತ್ತು. ಒಂದೇ ಅಳತೆಯ ಎರಡು ಭಾಗಗಳು ಇಷ್ಟು ಬೇರೆಬೇರೆಯಾಗಿ ಕೂತರೆ ನಮ್ಮ ವಿಭಾಗದಲ್ಲಿ ಏನನ್ನುತ್ತೇವೆ? ಎರಡರಲ್ಲಿ ಒಂದು ಗೇಜು ಸುಳ್ಳು ಹೇಳುತ್ತಿದೆ ಅನ್ನುತ್ತೇವೆ. ಕಂಟೋನ್ಮೆಂಟಿನದನ್ನು ನಾನೇ ನಿಂತು ನೋಡಿದ್ದೇನೆ.

ನಾಲ್ಕು ಗಂಟೆಗೆ ಕಾಮಾಕ್ಷಿಪಾಳ್ಯದಲ್ಲಿದ್ದೆ. ಅಂಜಿನಯ್ಯ ತಲೆ ಬೋಳಿಸಿಕೊಂಡು ಬಂದಿದ್ದರು. ಸಾವಿನ ಮನೆಯಿಂದ ಬಂದವರೆಂದು ಕೂಡ ನೋಡದೆ ರಾಕೆಟ್ ಮಣೆಯ ಮೇಲಿಟ್ಟೆ.

"ಮೀಟಿ ನೋಡಿ."

ಮೀಟಿದರು. ಮುಖ ಸಣ್ಣಗಾಯಿತು. "ಯಾರು ಹಾಕಿದ್ದಮ್ಮ ಇದು?"

"ಕಂಟೋನ್ಮೆಂಟಲ್ಲಿ. ಎಪ್ಪತ್ತು. ನೀವು ಹಾಕಿದ್ರಲ್ಲ, ಅಷ್ಟೇ."

ಅವರು ಸ್ಟೂಲಿನಿಂದ ಎದ್ದು ನಿಂತರು. "ನಾನು ಹಾಕಿದ್ದು ಐವತ್ತೆಂಟು ಅಮ್ಮಾ."

ಐವತ್ತೆಂಟು. ಸೆಪ್ಟೆಂಬರಿನಲ್ಲಿ ನಾನು ಮೊದಲು ಕೇಳಿದ್ದಕ್ಕಿಂತಲೂ ಕಡಿಮೆ. ಒಂದು ತಿಂಗಳಿನಿಂದ ನನ್ನನ್ನು ಗೆಲ್ಲಿಸುತ್ತಿದೆ ಎಂದುಕೊಂಡಿದ್ದ ಎಪ್ಪತ್ತು ಬರೀ ಕಾಗದದ ಮೇಲಿತ್ತು. ಸಿಟ್ಟು ಬಂತು. ಹೀಗೆ ಯಾರ ಮೇಲೂ ಬಂದಿಲ್ಲ.

"ಚೀಟೀಲಿ ಎಪ್ಪತ್ತು ಅಂತ ಬರ್ದಿದ್ರಲ್ಲ. ನಮ್ಮ ಫ್ಯಾಕ್ಟ್ರೀಲಿ ಹೀಗೆ ಸುಳ್ಳು ಗುರುತು ಹಾಕಿದೋರನ್ನ ಮನೆಗೆ ಕಳಿಸ್ತಾರೆ ಗೊತ್ತಾ?"

"ತಪ್ಪೇ ಅಮ್ಮಾ. ಬರೀಬಾರ್ದಿತ್ತು."

"ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ."

"ಹೇಳ್ದೆ. ಎರಡು ಸಲ ಹೇಳ್ದೆ. ನೀವು ಮುಳ್ಳು ನೋಡಿ ಅಂದ್ರಿ."

ಅದು ನಿಜ. ನಿಜವಾದ್ದರಿಂದ ಇನ್ನೂ ಸಿಟ್ಟು ಬಂತು. "ನನ್ನ ಕೇಳದೆ ಇಳಿಸೋಕೆ ನೀವ್ಯಾರು?" ಎಂದುಬಿಟ್ಟೆ. ಪಕ್ಕದ ಲೇತು ನಿಂತಿತು. ಅವರೆಲ್ಲ ಕೇಳಿಸಿಕೊಂಡರು.

ಅಂಜಿನಯ್ಯ ರಾಕೆಟ್ಟನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು. "ಹತ್ತು ವರ್ಷದಿಂದ ಬರ್ತಾ ಇದೀರ. ಒಂದು ಸಲನೂ ನೀವು ನನಗೆ ಎಡಗೈಲಿ ಕೊಟ್ಟೋರಲ್ಲ. ಬಸ್ ಟಿಕೆಟ್ಟಿನ ಹಿಂದೆ ವಿಳಾಸ ಬರೆದು ಕೊಟ್ರೂ ಬಲಗೈಲೇ ಕೊಡೋರು. ಅವತ್ತು ಎಡಗೈಲಿ ಕೊಟ್ರಿ, ಕೊಟ್ಟಿದ್ದು ನಿಮಗೇ ಗೊತ್ತಾಗ್ಲಿಲ್ಲ. ನಿಮ್ಮಂಥೋರು ಬೇಕು ಅಂತ ಹಂಗೆ ಕೊಡಲ್ಲ. ಬಲಗೈ ಎಷ್ಟು ನೋಯ್ತಿರ್ಬೇಕು ಅಂದ್ಕೊಂಡೆ. ಇದರ ಮೇಲೆ ಎಪ್ಪತ್ತು ಹಾಕ್ಕೊಟ್ರೆ ನಿಮ್ಮ ಕೈ ನಾನೇ ಮುರಿದಂಗೆ. ಬೇಡ ಅಂದ್ರೆ ನೀವು ಬೇರೆ ಕಡೆ ಹೋಗಿ ಹಾಕಿಸ್ಕೊತೀರ. ಅದಕ್ಕೇ ಸುಳ್ಳು ಬರ್ದೆ."

ನಾನು ಸ್ಟೂಲಿನ ಮೇಲೆ ಕೂತೆ. ಅಳು ಬಂತು. ಸೋತದ್ದಕ್ಕೋ ನೋವಿಗೋ ಗೊತ್ತಿಲ್ಲ, ಅವರೆದುರಿಗೇ ಅತ್ತುಬಿಟ್ಟೆ. ಅವರು ಹೂಜಿಯಿಂದ ನೀರು ಬಗ್ಗಿಸಿ ಲೋಟವನ್ನು ಮಣೆಯ ಮೇಲಿಟ್ಟರು. ಯಾವ ಕೈಯಲ್ಲಾದರೂ ತೆಗೆದುಕೊಳ್ಳಲಿ ಎಂದಿರಬೇಕು.

"ಹಾಗಾದ್ರೆ ಚೆಂಡು ಒಳಗೆ ಬೀಳ್ತಾ ಇದ್ದದ್ದು ಹೇಗೆ?" ಎಂದು ಕೇಳಿದೆ.

"ನನಗೆ ಆಟ ಬರಲ್ಲಮ್ಮ. ತಂತಿ ಅಂತೂ ಮಾಡಿಲ್ಲ."

ಬೈರಯ್ಯ ಹೇಳಿದ್ದು ನೆನಪಾಯಿತು. ನೋವಿಗೆ ಹೆದರಿ ತೋಳು ತಾನಾಗಿಯೇ ಗುದ್ದುವುದನ್ನು ಬಿಟ್ಟು ಸವರುವುದನ್ನು ಕಲಿತಿದೆ. ಹತ್ತು ವರ್ಷದ ಚಟವನ್ನು ನನ್ನನ್ನು ಕೇಳದೆ ಬಿಟ್ಟುಕೊಟ್ಟಿದೆ. ಈ ರಾಕೆಟ್ಟಿನಲ್ಲಿ ಬಲ ಬೇಕಾದಷ್ಟಿದೆ, ಆಡುವವರು ಬಲ ಕೊಡಬೇಕಿಲ್ಲ, ಚೆಂಡಿಗೆ ಸುತ್ತು ಕೊಡಬೇಕು. ಇಂದ್ರಮ್ಮನಿಗೆ ಕೊಡಲು ಬಲವೇ ಇರಲಿಲ್ಲ, ಅದಕ್ಕೇ ಮೊದಲ ದಿನವೇ ಒಲಿಯಿತು. ನನಗೆ ಇಷ್ಟು ದಿನ ಬೇಕಾಯಿತು.

"ನಾಳೆ ಹನ್ನೊಂದಕ್ಕೆ ಸುಗುಣಾ ಜೊತೆ ಆಟ. ಇಬ್ರೂ ಒಂದೊಂದು ಗೆದ್ದಿದೀವಿ, ನಾಳೆ ಗೆದ್ದೋರಿಗೆ ಜಾಗ" ಎಂದೆ.

"ಎಷ್ಟು ಹಾಕ್ಲಿ?"

"ನೀವೇ ಕೇಳಿಸ್ಕೊಂಡು ಹಾಕಿ."

ಒಂದೂವರೆ ಗಂಟೆ ಕೂತಿದ್ದೆ. ಕಂಟೋನ್ಮೆಂಟಿನ ತಂತಿಯನ್ನು ನಡುವಿನಿಂದ ಕತ್ತರಿಸುತ್ತ ಬಂದರು. ಹೊಸ ದಾರದ ಒಂದೊಂದು ಎಳೆಯನ್ನೂ ಎಳೆದು, ಮೀಟಿ, ತಲೆ ಓರೆ ಮಾಡಿದರು. ಕೊನೆಯ ಕೆಲವನ್ನು ಅವರಿಗಿಂತ ಮೊದಲು ನಾನೇ ಸರಿ ಎಂದುಕೊಂಡೆ. ಚೀಟಿ ಅಂಟಿಸಲು ಹೋದರು, ಬೇಡ ಎಂದೆ.

ಮೊಳಕೈ ನೋಯುತ್ತಿದೆ. ತಿರುವಿ ನೋಡಿದರೆ ಮೂರು ತಿಂಗಳಿನ ಈ ಪುಟಗಳಲ್ಲಿ ಕುಕ್ಕರು, ಪೆನ್ನು, ಚಕ್ಕುಲಿ ಹಿಟ್ಟು ಎಲ್ಲ ಇವೆ. ಇದೊಂದು ಇಲ್ಲ.

ಡಿಸೆಂಬರ್ 14. ಭಾನುವಾರ

4-6, 7-5, 6-4. ಗೆದ್ದೆ. ಬರೆಯಲು ಕೈಯಿಲ್ಲ.

ಡಿಸೆಂಬರ್ 17. ಬುಧವಾರ

ಪಟ್ಟಿ ಬಂದಿದೆ. ಎರಡನೆಯ ಹೆಸರು ನನ್ನದು. ಸುಗುಣಾ ಮೀಸಲು. ಪಾನಕವನ್ನು ಈ ಸಲ ಸರದಿಯ ಮೇಲೆ ಕಲಸೋಣ ಎಂದು ಅವಳಿಗೆ ಹೇಳಿದ್ದೇನೆ.

ಭಾನುವಾರ ಅವಳು ಗುದ್ದಿದ್ದೇ ಗುದ್ದಿದ್ದು, ನಾನು ಸವರಿದ್ದೇ ಸವರಿದ್ದು. ಮೂರನೆಯ ಸೆಟ್ಟಿನಲ್ಲಿ ಐದು-ನಾಲ್ಕು, ನನಗೆ ಒಂದೇ ಪಾಯಿಂಟ್ ಬೇಕು. ಎದೆಯೆತ್ತರಕ್ಕೆ ಹದವಾದ ಚೆಂಡು ಬಂತು. ಹಳೆಯ ಜಲಜಾ ಆದರೆ ಕಣ್ಣುಮುಚ್ಚಿ ಬಾರಿಸುತ್ತಿದ್ದಳು. ತೋಳು ಅದಕ್ಕೆ ಏಳಲೂ ಹೋಯಿತು. ಬಿಟ್ಟೆ. ಚೆಂಡು ಇಳಿಯುವವರೆಗೆ ಕಾದು ಕೆಳಗಿನಿಂದ ಎತ್ತಿದೆ. ಎಷ್ಟು ಎತ್ತರ ಹೋಯಿತೆಂದರೆ ಸುಗುಣಾ ಹೊರಗೆ ಎಂದು ನಿಂತುಬಿಟ್ಟಳು. ಗೆರೆಯ ಮೇಲೆ ಇಳಿಯಿತು. ಆಮೇಲೆ ಅವಳೇ ಹೋಗಿ ಗುರುತು ನೋಡಿ, ಒಳಗೆ ಅಕ್ಕಾ ಎಂದಳು.

ಡಾಕ್ಟರು ಕೈಗೆ ಪಟ್ಟಿ ಸುತ್ತಿದ್ದಾರೆ. ಆರು ವಾರ ರಾಕೆಟ್ ಮುಟ್ಟಬಾರದು. ಪಂದ್ಯಗಳು ಫೆಬ್ರವರಿ ಕೊನೆಗೆ, ಅಷ್ಟರಲ್ಲಿ ಆಗುತ್ತದೆ ಎಂದಿದ್ದಾರೆ. "ಮುಟ್ಟಬೇಡ ಅಂತ ನಾನು ಹೇಳಿದ್ರೆ ಕೇಳಲ್ಲ, ಡಾಕ್ಟರಾದ್ರೂ ಹೇಳಿದ್ರಲ್ಲ" ಎಂದರು ಇವರು. ರಾಕೆಟ್ ಮನೆಯಲ್ಲಿದ್ದರೆ ಡಾಕ್ಟರ ಮಾತೂ ನಡೆಯುವುದಿಲ್ಲವೆಂದು ನನಗೆ ಗೊತ್ತು. ಅದಕ್ಕೇ ಸಂಜೆ ರಾಕೆಟ್ ಹಿಡಿದು ಕಾಮಾಕ್ಷಿಪಾಳ್ಯಕ್ಕೆ ಹೋದೆ.

ಅಂಜಿನಯ್ಯ ಯಾರದೋ ಮರದ ರಾಕೆಟ್ಟಿಗೆ ತಂತಿ ಕಟ್ಟುತ್ತಿದ್ದರು. ಆಯ್ಕೆಯಾದ ಸುದ್ದಿ ಹೇಳಿದೆ. ಶನಿವಾರ ಆಡಿದ ಮಾತಿಗೆ ಕ್ಷಮಿಸಿ ಎಂದೂ ಹೇಳಿದೆ. ಲೇತಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದೆ.

"ಆರು ವಾರ ಇದು ನಿಮ್ಮ ಹತ್ರ ಇರ್ಲಿ. ನಾನು ಬಂದು ಕೇಳಿದ್ರೂ ಕೊಡ್ಬೇಡಿ" ಎಂದು ರಾಕೆಟ್ ಚಾಚಿದೆ.

ಬಲಗೈಯಲ್ಲಿಯೇ ಕೊಡಬೇಕೆಂದು ಬಸ್ಸಿನಲ್ಲೇ ನಿಶ್ಚಯಿಸಿದ್ದೆ. ಆದರೆ ಚಾಚಿದ ಕೂಡಲೇ ನೋವು ಎದ್ದು ಹಿಡಿತ ಸಡಿಲಾಯಿತು. ಬೀಳಬಾರದೆಂದು ಎಡಗೈಯನ್ನು ಬಲ ಮೊಳಕೈಯ ಕೆಳಗೆ ಆಸರೆ ಕೊಟ್ಟು ಹಿಡಿದೆ. ಅತ್ತೆ ಮುತ್ತೈದೆಯರಿಗೆ ತಾಂಬೂಲ ಕೊಡುವಾಗ ಹೀಗೆಯೇ ಹಿಡಿಯುತ್ತಾರೆ. ಗುರುಗಳಿಗೆ ಕೊಡುವಾಗ ನಾವೂ ಹೀಗೆಯೇ ಹಿಡಿಯಬೇಕೆಂದು ಚಿಕ್ಕಂದಿನಲ್ಲಿ ತವರಿನಲ್ಲಿ ಹೇಳಿಕೊಟ್ಟಿದ್ದರು.

ಅಂಜಿನಯ್ಯ ಅದನ್ನು ನೋಡಿದರು. ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, ಎದ್ದು, ಹೆಗಲ ಮೇಲಿನ ಟವೆಲು ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಎರಡೂ ಕೈ ಚಾಚಿ ರಾಕೆಟ್ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡರು.

ನೋವಿಗೆ ಹಾಗೆ ಹಿಡಿದದ್ದು ಎಂದು ನಾನು ಹೇಳಲಿಲ್ಲ.